6 ಸೆಂ.ಮೀ. ತನಕ ಮಚ್ಚು, ಆಮೇಲೆ ಕೈಗೊಡಲಿ

ಒಂದೇ ತೂಕದ ಮಚ್ಚು, ಕೈಗೊಡಲಿ ಎರಡನ್ನೂ ಪಕ್ಕಪಕ್ಕ ಇಟ್ಟು "ತೂಕ ಒಂದೇ ಅಲ್ಲವಾ, ಕಡಿತವೂ ಹೆಚ್ಚುಕಮ್ಮಿ ಒಂದೇ ಇರುತ್ತೆ" ಎಂದು ಲೆಕ್ಕ ಹಾಕುವವರೇ ಹೆಚ್ಚು. ತಕ್ಕಡಿಯ ಮಟ್ಟಿಗೆ ಅದು ಸರಿ, ಕೊರಡಿನ ಮೇಲೆ ಸರಿಯಲ್ಲ. ತೂಕ ಎಷ್ಟಿದೆ ಅನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ, ಬಾಯಿಯ ಹಿಂದೆ ಉಕ್ಕು ಎಷ್ಟು ಬೇಗ ದಪ್ಪವಾಗುತ್ತದೆ ಅನ್ನುವ ಎರಡೇ ಸಂಗತಿ ಕಡಿತವನ್ನು ತೀರ್ಮಾನಿಸುತ್ತವೆ.

ಮೊದಲು ತೂಕದ ಜಾಗ. ಮಚ್ಚಿನ ತೂಕ ಹಿಡಿಯಿಂದ ತುದಿಯವರೆಗೆ ಹರಡಿಕೊಂಡಿರುತ್ತದೆ. ಕೈಗೊಡಲಿಯಲ್ಲಿ ಅದರ ಬಹುಪಾಲು ಕಾವಿನ ತುದಿಯಲ್ಲಿ ಗುಂಪಾಗಿರುತ್ತದೆ. ಒಂದೇ ಉದ್ದ, ಒಂದೇ ತೂಕದ ಎರಡು ವಸ್ತುಗಳನ್ನು ಒಂದೇ ವೇಗದಲ್ಲಿ ಬೀಸಿದರೆ, ತೂಕ ಪೂರ್ತಿ ತುದಿಯಲ್ಲಿರುವುದಕ್ಕೆ ಸಿಗುವ ಶಕ್ತಿಯಲ್ಲಿ ಮೂರನೇ ಒಂದು ಭಾಗ ಮಾತ್ರ ತೂಕ ಸಮನಾಗಿ ಹರಡಿದ ಸರಳಿಗೆ ಸಿಗುತ್ತದೆ. ನಿಜವಾದ ಕೊಡಲಿಯ ಕಾವಿಗೂ ತೂಕವಿದೆ, ನಿಜವಾದ ಮಚ್ಚಿನ ಮುಂಭಾಗ ಅಗಲವಾಗಿರುತ್ತದೆ. ಹಾಗಾಗಿ ಬಳಕೆಯಲ್ಲಿ ಅಂತರ ಅಷ್ಟು ದೊಡ್ಡದಲ್ಲ, ಆದರೆ ಇದ್ದೇ ಇದೆ. ನೇಪಾಳದ ಬಾಗಿದ ಕತ್ತಿ ಕುಕ್ರಿಯ ಹೊಟ್ಟೆ ಮುಂದಕ್ಕೆ ಬಾಗಿ ಉಬ್ಬಿರುವುದು ಕೂಡ ತೂಕವನ್ನು ತುದಿಯತ್ತ ತಳ್ಳುವುದಕ್ಕೇ.

ಮಚ್ಚಿನ ಪರ ಇರುವ ಮಾತು ವೇಗ. ಅದನ್ನು ಬೇಗ ಬೀಸಬಹುದು, ಬೇಗ ಎತ್ತಬಹುದು. ಅದಕ್ಕೇ ಎರಡನ್ನೂ ಹೋಲಿಸುವಾಗ ಏಟಿನ ಲೆಕ್ಕವೊಂದನ್ನೇ ಇಟ್ಟರೆ ಮಚ್ಚಿಗೆ ಅನ್ಯಾಯ, ಗಡಿಯಾರವೊಂದನ್ನೇ ನೋಡಿದರೆ ಕೊಡಲಿಗೆ ಅನ್ಯಾಯ. ಎರಡನ್ನೂ ಬರೆದಿಟ್ಟುಕೊಳ್ಳಬೇಕು. ಒಂದೇ ಮರದ ಒಂದೇ ಕೊಂಬೆಯಿಂದ 3, 6, 10 ಸೆಂ.ಮೀ. ದಪ್ಪದ ಭಾಗಗಳನ್ನು ಆರಿಸಿ, ಎರಡೂ ಆಯುಧಗಳನ್ನು ಒಂದೇ ಕಲ್ಲಿನಲ್ಲಿ ಮಸೆದು, ಒಂದಾದ ಮೇಲೊಂದು ಸರದಿ ಬದಲಿಸುತ್ತ ಕಡಿಯಬೇಕು. ಒಂದನ್ನೇ ಪೂರ್ತಿ ಮುಗಿಸಿ ಆಮೇಲೆ ಇನ್ನೊಂದು ಹಿಡಿದರೆ ಎರಡನೆಯದರ ಪಾಲಿಗೆ ಬರುವುದು ದಣಿದ ತೋಳು. ಕಾರ್ಖಾನೆಯಿಂದ ಬಂದ ಬಾಯಿಯಲ್ಲೇ ಹೋಲಿಸಿದರೆ ತಿಳಿಯುವುದು ಸಾಣೆ ಹಿಡಿದವನ ಗುಣವೇ ಹೊರತು ಆಯುಧದ್ದಲ್ಲ.

3 ಸೆಂ.ಮೀ.ವರೆಗಿನ ಹಸಿ ರೆಂಬೆಗಳಲ್ಲಿ ಮಚ್ಚಿಗೆ ಎದುರಿಲ್ಲ. ಇಂಥ ರೆಂಬೆ ಹಿಂದಕ್ಕೆ ಬಳುಕುತ್ತದೆ. ನಿಧಾನದ ಭಾರದ ಏಟಿಗೆ ಅದು ಜಾರಿಕೊಳ್ಳುತ್ತದೆ, ವೇಗದ ತೆಳು ಅಲಗಿಗೆ ಸಿಕ್ಕಿಬೀಳುತ್ತದೆ. ಕೈಗೊಡಲಿಯ ಬಾಯಿ ಸಾಮಾನ್ಯವಾಗಿ 7ರಿಂದ 9 ಸೆಂ.ಮೀ., ಗುರಿ ತುಸು ತಪ್ಪಿದರೆ ಏಟು ಗಾಳಿಗೆ. 25 ಸೆಂ.ಮೀ. ಅಲಗಿಗೆ ಆ ಚಿಂತೆಯಿಲ್ಲ. ಏಟು ನೇರ ಅಡ್ಡಕ್ಕೆ ಬೀಳಬಾರದು, ಓರೆಯಾಗಿ ಬೀಳಬೇಕು. ಎಡಗೈಯಲ್ಲಿ ರೆಂಬೆಯನ್ನು ಬಗ್ಗಿಸಿ, ಬಿಗಿದ ಹೊರಬಾಗಿಗೆ ಓರೆಯಾಗಿ ಮುಟ್ಟಿಸಿದರೂ ಸಾಕು, ಎಳೆದು ನಿಂತ ನಾರು ತಾನೇ ಬಿಟ್ಟುಕೊಡುತ್ತದೆ. ಕೈ ಏಟಿನ ದಾರಿಯಿಂದ ಆಚೆ ಇರಬೇಕು ಅನ್ನುವುದನ್ನು ಬೇರೆ ಹೇಳಬೇಕಿಲ್ಲ. ಬಿದ್ದ ಮರದ ರೆಂಬೆ ಸವರುವಾಗ ಬುಡದಿಂದ ತುದಿಯತ್ತ ಸಾಗಬೇಕು. ತಿರುಗಾಮುರುಗಾ ಮಾಡಿದರೆ ರೆಂಬೆ ಕಾಂಡದ ಸಿಪ್ಪೆಯನ್ನೂ ಎಳೆದುಕೊಂಡು ಸೀಳುತ್ತದೆ.

6 ಸೆಂ.ಮೀ. ಹತ್ತಿರ ಜಿದ್ದು ಸಮನಾಗುತ್ತದೆ. ಮೆದು ಹಸಿ ಮರವಾದರೆ ಭಾರದ ಮಚ್ಚು ಇನ್ನೂ ಮುಂದು, ಒಣಗಿದ ಗಟ್ಟಿ ಮರವಾದರೆ ಕೈಗೊಡಲಿ.

10 ಸೆಂ.ಮೀ.ಗೆ ಬಂದಾಗ ಪ್ರಶ್ನೆಯೇ ಬದಲಾಗುತ್ತದೆ. ಇಲ್ಲಿ ಬಾಯಿ ಎಷ್ಟು ಆಳ ಇಳಿಯಿತು ಅನ್ನುವುದು ಮುಖ್ಯವಲ್ಲ, ಚಕ್ಕೆ ಹೊರಗೆ ಹಾರಿತೋ ಇಲ್ಲವೋ ಅನ್ನುವುದು ಮುಖ್ಯ. 5 ಮಿ.ಮೀ. ದಪ್ಪದ ಚಪ್ಪಟೆ ಅಲಗು ಚೆನ್ನಾಗಿ ಇಳಿಯುತ್ತದೆ, ಇಳಿದು ಅಲ್ಲೇ ಕೂತುಬಿಡುತ್ತದೆ. ಎರಡೂ ಬದಿಯ ಮರ ಅದನ್ನು ಇಕ್ಕಳದಂತೆ ಹಿಡಿದುಕೊಳ್ಳುತ್ತದೆ. ಮೇಲೆ ಬಣ್ಣದ ಒರಟು ಲೇಪವಿದ್ದರೆ ಉಜ್ಜಾಟ ಇನ್ನೂ ಜಾಸ್ತಿ. ಕೈಗೊಡಲಿ ಬಾಯಿಯಿಂದ ಹಿಂದಕ್ಕೆ ಹೋದಂತೆ ಬೆಣೆಯ ಹಾಗೆ 2 ಸೆಂ.ಮೀ.ಗೂ ಮೀರಿ ದಪ್ಪವಾಗುವುದರಿಂದ, ಇಳಿದಷ್ಟೂ ಚಕ್ಕೆಯನ್ನು ಪಕ್ಕಕ್ಕೆ ಒತ್ತಿ ಎಬ್ಬಿಸುತ್ತದೆ. ಒಂದು ಏಟು ಎಡದಿಂದ, ಒಂದು ಬಲದಿಂದ, ಚಕ್ಕೆ ಟಣ್ಣನೆ ಹೊರಗೆ. ಮಚ್ಚಿನಲ್ಲಿ ಅದೇ ಚಕ್ಕೆ ಬುಡದಲ್ಲಿ ಅಂಟಿಕೊಂಡೇ ಇರುತ್ತದೆ, ಅದನ್ನು ಬಿಡಿಸಲು ಇನ್ನೊಂದು ಏಟು, ಕೆಲವೊಮ್ಮೆ ಇನ್ನೆರಡು. ಅಲಗು ಪೂರ್ತಿ ಚಪ್ಪಟೆ ಇರದೆ ಎರಡೂ ಬದಿ ತುಸು ಉಬ್ಬಿಕೊಂಡಿದ್ದರೆ ಮಚ್ಚು ಸಿಕ್ಕಿಕೊಳ್ಳುವುದು ಎಷ್ಟೋ ಕಡಿಮೆ.

ದಪ್ಪ ಕೊರಡಿನಲ್ಲಿ ಎರಡಕ್ಕೂ ಆಗುವ ಸೋಲು ಹೆಚ್ಚಾಗಿ ಆಯುಧದ್ದಲ್ಲ, ಕಚ್ಚಿನದ್ದು. ಕಚ್ಚು ಕಿರಿದಾಗಿ ಶುರುವಾದರೆ ಅರ್ಧಕ್ಕೆ ಬರುವಷ್ಟರಲ್ಲಿ ಅದು ಬರೀ ಸೀಳಾಗಿರುತ್ತದೆ, ಚಕ್ಕೆ ಹಾರಲು ಜಾಗವಿರುವುದಿಲ್ಲ. ಕಚ್ಚಿನ ಬಾಯಗಲ ಅದರ ಆಳದಷ್ಟೇ ಇರಬೇಕು. 10 ಸೆಂ.ಮೀ. ಕೊರಡನ್ನು ಒಂದೇ ಕಡೆಯಿಂದ ಕಡಿಯುವುದಾದರೆ ಮೇಲೆ 10 ಸೆಂ.ಮೀ. ಅಗಲ ತೆರೆಯಬೇಕು. ಅದೇ ಎರಡೂ ಕಡೆಯಿಂದ ಐದೈದು ಸೆಂ.ಮೀ. ಅಗಲದ ಕಚ್ಚು ಹಾಕಿ ನಡುವೆ ಸೇರಿಸಿದರೆ ತೆಗೆಯಬೇಕಾದ ಮರ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುತ್ತದೆ. ಕೊರಡು ತಿರುಗಿಸುವ ಐದು ಸೆಕೆಂಡಿನಲ್ಲಿ ಅರ್ಧ ಕೆಲಸ ಉಳಿಯಿತು ಅಂದರೆ ಅದಕ್ಕಿಂತ ಅಗ್ಗದ ಲಾಭ ಯಾವುದಿದೆ?

ಬಾಯಿ ಸಿಕ್ಕಿಕೊಂಡರೆ ಪಕ್ಕಕ್ಕೆ ತಿರುಚಬೇಡಿ, ಎರಡರಲ್ಲೂ. ಹಿಡಿಯನ್ನು ಅಲಗಿನ ಸಮತಲದಲ್ಲೇ ಮೇಲೆ ಕೆಳಗೆ ಅಲ್ಲಾಡಿಸಿದರೆ ಬಿಟ್ಟುಕೊಳ್ಳುತ್ತದೆ. ತಿರುಚಿದರೆ ತೆಳು ಅಂಚು ಅರ್ಧಚಂದ್ರಾಕಾರವಾಗಿ ಕಿತ್ತುಬರುತ್ತದೆ. ಒಣಗಿದ ಗಂಟುಗಳಲ್ಲಿ ಇದು ಆಗುವುದು ಹೆಚ್ಚು.

ಈಗ ಕೊಳ್ಳುವವರು ಕೈಯಲ್ಲೇ ಅಳೆದು ನೋಡಬಹುದಾದ ಒಂದು ವಿಷಯ. ಹೊಸ ಕೈಗೊಡಲಿಗಳು ಮಚ್ಚಿನೆದುರು ಸೋಲಲು ದೊಡ್ಡ ಕಾರಣ ಬಾಯಿಯ ಹಿಂದಿನ ದಪ್ಪ. ಅಂಚು ಕೂದಲು ಬೋಳಿಸುವಷ್ಟು ಹರಿತವಿದ್ದರೂ ಅದರ ಹಿಂದೆಯೇ ಉಕ್ಕು ದಿಢೀರನೆ ಅಗಲಿಸಿದ್ದರೆ ಏಟು ಪುಟಿಯುತ್ತದೆ. ಅಂಚಿನಿಂದ 5 ಮಿ.ಮೀ. ಹಿಂದೆ ಕ್ಯಾಲಿಪರ್ (ದಪ್ಪ ಅಳೆಯುವ ಸಾಧನ) ಹಿಡಿಯಿರಿ. 2.7 ಮಿ.ಮೀ. ಬಂದರೆ ಒಟ್ಟು ಕೋನ ಸುಮಾರು 30 ಡಿಗ್ರಿ, ಕಡಿಯುವ ಕೆಲಸಕ್ಕೆ ಹೇಳಿಮಾಡಿಸಿದ್ದು. 3.6 ಮಿ.ಮೀ. ಬಂದರೆ ಸುಮಾರು 40 ಡಿಗ್ರಿ, ಅದು ಸೀಳಲು ಸರಿ, ಅಡ್ಡ ಕಡಿಯಲು ಮೊಂಡು. 2.2ಕ್ಕೆ ಇಳಿಸಿದರೆ 25 ಡಿಗ್ರಿ, ಮೆದು ಮರದಲ್ಲಿ ಬೆಣ್ಣೆ, ಗಂಟು ಸಿಕ್ಕಿದ ದಿನ ಅಂಚು ಮಡಚಿಕೊಳ್ಳುತ್ತದೆ. ದಪ್ಪವಿದ್ದರೆ ಚಪ್ಪಟೆ ಅರ ಹಿಡಿದು ಆ ಉಬ್ಬನ್ನು ಇಳಿಸಬೇಕು. ಅರವನ್ನು ತಳ್ಳುವಾಗ ಮಾತ್ರ ಒತ್ತಿ, ಹಿಂದಕ್ಕೆ ಎಳೆಯುವಾಗ ಎತ್ತಿಬಿಡಿ. ಆಮೇಲೆ ಗುಂಡನೆಯ ಸಾಣೆಕಲ್ಲಿನಿಂದ ಸುತ್ತು ಸುತ್ತಾಗಿ ಉಜ್ಜಿದರೆ ಗೀರು ಹೋಗುತ್ತದೆ. ಗ್ರೈಂಡರ್ ಚಕ್ರಕ್ಕೆ ಕೊಟ್ಟು ಅಂಚು ನೀಲಿಗಟ್ಟಿಸಿಕೊಂಡರೆ ಹದ ಹೋಯಿತು ಅಂತಲೇ. ಆ ನೀಲಿ ಭಾಗ ಸವೆದು ಹೋಗುವ ತನಕ ಬಾಯಿ ನಿಲ್ಲುವುದಿಲ್ಲ.

ಮಾದರಿಗಳ ಮಾತಿಗೆ ಬಂದರೆ, ನಾಲ್ಕು ನಾಲ್ಕು ರೀತಿಯವು. ಮಚ್ಚಿನ ಗಾತ್ರದ ಚಾಕುಗಳಲ್ಲಿ ಕೆಎ-ಬಾರ್ ಬೆಕರ್ ಬಿಕೆ9 ಒಳ್ಳೆಯ ಉದಾಹರಣೆ. ಅಲಗು ಸುಮಾರು 23 ಸೆಂ.ಮೀ., ದಪ್ಪ 5 ಮಿ.ಮೀ.ಗೆ ತುಸು ಕಡಿಮೆ, ಉಕ್ಕು 1095 ಕ್ರೋ-ವ್ಯಾನ್ ಎಂಬ ಹೆಚ್ಚು ಇಂಗಾಲದ್ದು, ತೂಕ ಅರ್ಧ ಕಿಲೋ ಆಸುಪಾಸು. ಸವರಲು, ಚಕ್ಕೆ ಸೀಳಲು, ಗೂಟ ಚೂಪು ಮಾಡಲು ಎಲ್ಲಕ್ಕೂ ಒಗ್ಗುತ್ತದೆ. ತುಕ್ಕು ಹಿಡಿಯುವ ಜಾತಿ, ಒರೆಸಿ ಎಣ್ಣೆ ಸವರಿಡಬೇಕು. ಸ್ವೀಡನ್ನಿನ ಗ್ರಾನ್ಸ್‌ಫೋರ್ಸ್ ಬ್ರೂಕ್‌ನ ವೈಲ್ಡ್‌ಲೈಫ್ ಹ್ಯಾಚೆಟ್‌ನ ತಲೆ ಅರ್ಧ ಕಿಲೋಗಿಂತ ಕಡಿಮೆ, ಕಾವು ಸುಮಾರು 34 ಸೆಂ.ಮೀ., ಬಾಯಿ ತೆಳು. ಕೊಡಲಿಯಾದರೂ ಅಡ್ಡ ಕಡಿತದಲ್ಲಿ ಮೊಂಡುತನ ತೋರಿಸುವುದಿಲ್ಲ. ಆದರೆ ಹಗುರ ತಲೆ, ದಪ್ಪ ಗಂಟಿನ ಕಟ್ಟಿಗೆ ಸೀಳಲು ಇದನ್ನು ನೆಚ್ಚಬೇಡಿ. ಫಿನ್ಲೆಂಡಿನ ಫಿಸ್ಕರ್ಸ್‌ನ ಎಕ್ಸ್7 ಒಟ್ಟು ಉದ್ದ ಸುಮಾರು 35 ಸೆಂ.ಮೀ., ತೂಕ 640 ಗ್ರಾಂ. ಒಳಟೊಳ್ಳು ನಾರು-ಪ್ಲಾಸ್ಟಿಕ್ ಕಾವು ತಲೆಯನ್ನು ಸುತ್ತಿ ಹಿಡಿದಿರುವುದರಿಂದ ತಲೆ ಸಡಿಲಾಗುವ ಭಯವಿಲ್ಲ, ತೂಕವೂ ಮುಂದಕ್ಕೇ ಉಳಿಯುತ್ತದೆ. ಮುರಿದರೆ ಮಾತ್ರ ಬೇರೆ ಕಾವು ಹಾಕುವ ದಾರಿಯಿಲ್ಲ. ಎಸ್ಟ್‌ವಿಂಗ್‌ನ ಸ್ಪೋರ್ಟ್ಸ್‌ಮನ್ಸ್ ಆ್ಯಕ್ಸ್ ತಲೆಯಿಂದ ಹಿಡಿಯ ತುದಿವರೆಗೆ ಒಂದೇ ಉಕ್ಕಿನದು, ಹಿಡಿಗೆ ಚರ್ಮದ ಬಿಲ್ಲೆಗಳು. ಒಡೆಯುವ ಮಾತೇ ಇಲ್ಲದಷ್ಟು ಗಟ್ಟಿ, ಆದರೆ ಉಕ್ಕಿನ ಕಾವಿಗೂ ತೂಕವಿರುವುದರಿಂದ ಭಾರ ಕೈಯತ್ತ ಹಿಂದೆ ಸರಿಯುತ್ತದೆ, ಏಟಿನ ಅದುರು ಮೊಣಕೈವರೆಗೆ ಬರುತ್ತದೆ. ಕಡಿತಕ್ಕೆ ಮಾತ್ರ ಅಂಕ ಕೊಡುವುದಾದರೆ ಎಕ್ಸ್7 ಮೊದಲು. ಇಷ್ಟವಾಗುವುದು ವೈಲ್ಡ್‌ಲೈಫ್, ಅದು ಬೇರೆ ವಿಷಯ.

ಅದುರಿನ ಮಾತು ಬಂತಲ್ಲ. ಮಚ್ಚಿನ ತುದಿಯಲ್ಲಿ ಹೊಡೆದರೆ ಕೈ ಜುಮ್ಮೆನ್ನುತ್ತದೆ, ಹಿಡಿಯ ಹತ್ತಿರ ಹೊಡೆದರೆ ಏಟಿಗೆ ಜೀವವಿಲ್ಲ. ಸಮನಾದ ಸರಳಿನಲ್ಲಿ ಕೈಗೆ ಪೆಟ್ಟು ತಟ್ಟದ ಜಾಗ ಹಿಡಿಯ ತುದಿಯಿಂದ ಉದ್ದದ ಮೂರರಲ್ಲಿ ಎರಡು ಭಾಗದಲ್ಲಿರುತ್ತದೆ, ಮಚ್ಚಿನಲ್ಲೂ ಅದರ ಆಚೀಚೆಯೇ. ನಿಮ್ಮದರಲ್ಲಿ ಎಲ್ಲಿದೆ ಎಂದು ತಿಳಿಯಲು ಹಿಡಿಯನ್ನು ಸಡಿಲವಾಗಿ ಹಿಡಿದು, ಮೆದು ಕೊರಡಿನ ಮೇಲೆ ತುದಿಯಿಂದ ಎರಡೆರಡು ಬೆರಳು ಹಿಂದೆ ಬರುತ್ತ ಮೆಲ್ಲಗೆ ತಟ್ಟಿ. ಅಂಗೈ ನಿಶ್ಶಬ್ದವಾಗುವ ಜಾಗಕ್ಕೆ ಬೆನ್ನಿನ ಮೇಲೆ ಸೀಮೆಸುಣ್ಣದ ಗುರುತು ಹಾಕಿಕೊಳ್ಳಿ. ಕೊಡಲಿಯಲ್ಲಿ ಆ ಜಾಗ ತಲೆಯ ಹತ್ತಿರವೇ ಇರುವುದರಿಂದ ಹೀಗೆ ಹುಡುಕುವ ಕೆಲಸವಿಲ್ಲ.

ಸೀಳುವುದರಲ್ಲಿ ಎರಡರ ದಾರಿ ಬೇರೆ. ಕೈಗೊಡಲಿಯನ್ನು ಕಟ್ಟಿಗೆಯ ತಲೆಯ ಮೇಲೆ ಕಚ್ಚಿಸಿ, ಎರಡನ್ನೂ ಒಟ್ಟಿಗೆ ಎತ್ತಿ ಅಡಿಯ ಕೊರಡಿಗೆ ಕುಟ್ಟಿದರೆ ಸಾಕು. ಗುರಿ ತಪ್ಪುವ ಪ್ರಶ್ನೆ ಇಲ್ಲ, ಬೆರಳಿಗೂ ಕ್ಷೇಮ. ಮಚ್ಚಾದರೆ ಅಲಗನ್ನು ಕಟ್ಟಿಗೆಯ ಮೇಲಿಟ್ಟು ಬೆನ್ನಿಗೆ ಮರದ ಬಡಿಗೆಯಿಂದ ಬಡಿಯಬೇಕು. ಅಲಗು ಕಟ್ಟಿಗೆಯ ದಪ್ಪಕ್ಕಿಂತ ನಾಲ್ಕೈದು ಸೆಂ.ಮೀ. ಉದ್ದ ಹೊರಗೆ ಚಾಚಿರಬೇಕು, ಇಲ್ಲದಿದ್ದರೆ ಅರ್ಧ ಇಳಿದ ಮೇಲೆ ಬಡಿಯಲು ಜಾಗವೇ ಇರುವುದಿಲ್ಲ. 23 ಸೆಂ.ಮೀ. ಅಲಗಿಗೆ 15 ಸೆಂ.ಮೀ. ಕಟ್ಟಿಗೆ ಮಿತಿ ಎಂದಿಟ್ಟುಕೊಳ್ಳಿ, ಅದೂ ನೇರ ನಾರಿನದು. ಬೆರಳು ಗಾತ್ರದ ಸೀಳು ಬೇಕಾದಾಗ ಮಚ್ಚೇ ವಾಸಿ. ಎಲ್ಲಿ ಇಟ್ಟಿರೋ ಅಲ್ಲೇ ಸೀಳುತ್ತದೆ. ಗಂಟಿನ ಮೂಲಕ ಬಡಿದು ಇಳಿಸುವ ಹಟ ಮಾತ್ರ ಬೇಡ. ಅಲಗು ಹಿಡಿಗೆ ಸೇರುವ ಕಡೆ ಚೂಪು ಮೂಲೆಯ ಕಚ್ಚಿದ್ದರೆ ಮುರಿಯುವುದು ಅಲ್ಲೇ. ಉಕ್ಕು ಹಿಡಿಯ ಕೊನೆವರೆಗೂ ಪೂರ್ತಿ ಅಗಲದಲ್ಲಿ ಹೋಗದ ಮಚ್ಚಿಗೆ ಈ ಕೆಲಸ ಕೊಡಲೇಬಾರದು. ಹಾಗೆಯೇ ಕೊಡಲಿಯ ಹಿಂಬದಿಗೆ ಕಬ್ಬಿಣದ ಸುತ್ತಿಗೆ ಹಾಕಿದರೆ ಕಾವು ಕೂರುವ ತೂತು ಸೊಟ್ಟಗಾಗುತ್ತದೆ. ಮರದ ಬಡಿಗೆಯಾದರೆ ತೊಂದರೆಯಿಲ್ಲ.

ಗಾಯದ ವಿಷಯದಲ್ಲಿ ಕೈಗೊಡಲಿ ದೊಡ್ಡ ಕೊಡಲಿಗಿಂತಲೂ ಮೋಸಗಾರ. ಕಾವು ಗಿಡ್ಡ, ಗುರಿ ತಪ್ಪಿದ ಏಟು ನೆಲಕ್ಕೆ ಬೀಳುವ ಮುಂಚೆ ಮೊಣಕಾಲಿಗೋ ಕಣಕಾಲಿಗೋ ಬರುತ್ತದೆ. ಮಂಡಿಯೂರಿ ಕೂತು, ಕಟ್ಟಿಗೆಯನ್ನು ಅಡಿಗೊರಡಿನ ಆಚೆ ಅಂಚಿಗೆ ಇಟ್ಟು ಕಡಿದರೆ ತಪ್ಪಿದ ಏಟು ಕೊರಡಿಗೋ ಮಣ್ಣಿಗೋ ಹೋಗುತ್ತದೆ. ಮಚ್ಚಿನ ಅಪಾಯ ಬೇರೆ: ಬೆವರಿದ ಕೈಯಿಂದ ಜಾರುವುದು, ರೆಂಬೆ ನಿರೀಕ್ಷೆಗಿಂತ ಬೇಗ ತುಂಡಾಗಿ ಅಲಗು ಹಾಗೇ ಮುಂದುವರಿಯುವುದು. ಏಟಿನ ದಾರಿ ಎಲ್ಲಿ ಮುಗಿಯುತ್ತದೆ ಎಂದು ಮೊದಲೇ ನೋಡಿ, ಅಲ್ಲಿ ಕಾಲಿರದಂತೆ ನಿಲ್ಲಬೇಕು.

ಇಷ್ಟೆಲ್ಲ ಹೇಳಿದ ಮೇಲೆ ಒಂದು ಮಾತು ಒಪ್ಪಬೇಕು. 8 ಸೆಂ.ಮೀ. ಕೊಂಬೆಯನ್ನು ಅಡ್ಡ ತುಂಡು ಮಾಡುವುದಷ್ಟೇ ಕೆಲಸವಾದರೆ, ಇವೆರಡಕ್ಕಿಂತ ಹಗುರವಾದ ಮಡಚುವ ಗರಗಸ ಕಡಿಮೆ ದಣಿವಿನಲ್ಲಿ ಮುಗಿಸುತ್ತದೆ. ಗರಗಸ ಜೊತೆಗಿದ್ದರೆ ಅದಕ್ಕೆ ಜೋಡಿ ಕೈಗೊಡಲಿ, ಸೀಳುವ ಕೆಲಸ ಅದರದ್ದು. ಪೊದೆ ಸವರುವುದೇ ಹೆಚ್ಚಿದ್ದರೆ ಮಚ್ಚು.

ಮರದ ಕಾವಿನದನ್ನು ಕೊಳ್ಳುವಾಗ ಕಾವಿನ ಕೊನೆ ನೋಡಿ. ನಾರಿನ ಗೆರೆಗಳು ಬಾಯಿ ಇರುವ ದಿಕ್ಕಿಗೇ ಓಡಬೇಕು, ಅಡ್ಡಕ್ಕಲ್ಲ. ಗೆರೆ ಕಾವಿನ ನಡುವೆಯೇ ಪಕ್ಕಕ್ಕೆ ಹೊರಟುಹೋಗಿದ್ದರೆ ಅಲ್ಲೇ ಸೀಳುತ್ತದೆ. ಕಾವಿನ ಕಡೆಯಿಂದ ಒಂದು ಕಣ್ಣು ಮುಚ್ಚಿ ನೋಡಿದಾಗ ಬಾಯಿ ಕಾವಿನ ನಟ್ಟನಡು ಗೆರೆಗೆ ಸರಿಯಾಗಿ ಕೂರಬೇಕು. ಒಣ ಹವೆಯಲ್ಲಿ ತಲೆ ಅಲ್ಲಾಡಿದರೆ ನೀರಿನಲ್ಲಿ ನೆನೆಹಾಕುವುದು ಎಲ್ಲರೂ ಹೇಳುವ ಮದ್ದು. ಎರಡು ದಿನ ಬಿಗಿಯಾಗುತ್ತದೆ, ಆಮೇಲೆ ಮೊದಲಿಗಿಂತ ಸಡಿಲ. ಉಬ್ಬಿದ ನಾರು ತೂತಿನ ಗೋಡೆಗೆ ಒತ್ತಿ ನಜ್ಜುಗುಜ್ಜಾಗಿ, ಒಣಗಿದಾಗ ಮತ್ತಷ್ಟು ಕುಗ್ಗುತ್ತದೆ. ನೀರಿನ ಬದಲು ಅಗಸೆ ಎಣ್ಣೆ ಕುಡಿಸಿ. ಅದಕ್ಕೂ ಬಗ್ಗದಿದ್ದರೆ ಹಳೆ ಬೆಣೆ ಕಿತ್ತು ತುಸು ದಪ್ಪದ ಒಣ ಬೆಣೆ ಹೊಡೆಯಿರಿ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನೇ ಕಾದು ಹೊತ್ತಿಕೊಳ್ಳಬಲ್ಲದು. ಬಯಲಲ್ಲಿ ಹರಡಿ ಒಣಗಿಸಿ.