ಶಿಡ್ಲಘಟ್ಟದ ಚಂದ್ರಂಕಿ ಅಂಗಡಿ, ನಮ್ಮ ಕಾಲೇಜಿನ ಇನ್‌ಸ್ಟಲೇಷನ್

ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ. ಅವತ್ತು ಕಾಲೇಜಿನಲ್ಲಿ ಒಂದು ಇನ್‌ಸ್ಟಲೇಷನ್, ಅಂದರೆ ಜನ ಒಳಗೆ ಹೋಗಿ ನೋಡುವ ಕಲಾಕೃತಿ, ಮಾಡಬೇಕು ಅಂತ ನಾವು ಆರು ಜನ ಹೊರಟಿದ್ದೆವು. ಕೈಯಲ್ಲಿ ಇದ್ದದ್ದು 4,000 ರೂಪಾಯಿ. ಚಿಕ್ಕಬಳ್ಳಾಪುರದಲ್ಲಿ ಪ್ಲೈವುಡ್ ರೇಟ್ ಕೇಳಿ ಸುಮ್ನೆ ವಾಪಸ್ ಬಂದೆವು. ಮನೆಯಲ್ಲಿ ರೇಷ್ಮೆ ಹುಳು ಸಾಕುವ ಗೆಳತಿಯೊಬ್ಬಳು "ಚಂದ್ರಂಕಿ ಬಾಡಿಗೆಗೆ ತರೋಣ ಕಣ್ರೇ" ಅಂದಳು. ಹಾಗೆ ಶಿಡ್ಲಘಟ್ಟದ ಬಸ್ ಹತ್ತಿದೆವು.

ಅಂಗಡಿ ಇರುವುದು ರೇಷ್ಮೆ ಗೂಡು ಮಾರುಕಟ್ಟೆಯಿಂದ ಸ್ವಲ್ಪ ಮುಂದೆ. ಬೋರ್ಡ್ ಇಲ್ಲ. ಗೋಡೆಗೆ ಒರಗಿಸಿದ ಚಂದ್ರಂಕಿಗಳೇ ಗುರುತು. ನೋಡಿರದವರಿಗೆ ಹೇಳುತ್ತೇನೆ: ಸುಮಾರು ಆರಡಿ ಉದ್ದ, ನಾಲ್ಕಡಿ ಅಗಲದ ಬಿದಿರು ತಟ್ಟಿ, ಅದರ ಮೇಲೆ ತೆಳು ಬಿದಿರು ಪಟ್ಟಿಯನ್ನು ಸುರುಳಿಯಾಗಿ ಸುತ್ತಿ ಕಟ್ಟಿರುತ್ತಾರೆ. ಹಣ್ಣಾದ, ಅಂದರೆ ಮೇಯುವುದು ಮುಗಿಸಿ ಗೂಡು ಕಟ್ಟಲು ತಯಾರಾದ, ಹುಳು ಆ ಸಂದಿಯಲ್ಲಿ ಕೂತು ಎರಡು ಮೂರು ದಿನದಲ್ಲಿ ಗೂಡು ಕಟ್ಟಿಕೊಳ್ಳುತ್ತದೆ.

ಅಂಗಡಿ ತಾತ ಮೊದಲು ಕೇಳಿದ್ದು "ಎಷ್ಟು ಮೊಟ್ಟೆ ಮೇಯಿಸ್ತಿದ್ದೀರಮ್ಮ?" ಅಂತ (ಹುಳು ಸಾಕುವವರ ಲೆಕ್ಕ ಮೊಟ್ಟೆಯಲ್ಲೇ). ಹುಳು ಇಲ್ಲ ತಾತ, ಮನಸ್ಸಿನ ಕಾಯಿಲೆ ಬಗ್ಗೆ ಜನ ಮಾತಾಡಲಿ ಅಂತ ಒಂದು ಕೆಲಸ ಮಾಡುತ್ತಿದ್ದೇವೆ, ಇವನ್ನು ನಿಲ್ಲಿಸಿ ಕಪ್ಪು ಸ್ಪ್ರೇ ಪೇಂಟ್ ಹೊಡೆಯುತ್ತೇವೆ ಅಂದೆವು. ಅವರು ಒಪ್ಪಲಿಲ್ಲ. ಪೇಂಟ್ ಬೇಡ, ಸೆಂಟ್ ಬೇಡ, ಹತ್ತಿರ ಸೊಳ್ಳೆ ಬತ್ತಿಯೂ ಹಚ್ಚಬೇಡಿ, ನಾಳೆ ಇದರ ಮೇಲೆ ಇನ್ನೊಬ್ಬ ರೈತನ ಹುಳು ಹತ್ತಬೇಕು, ವಾಸನೆ ಉಳಿದರೆ ಅಷ್ಟೂ ಬೆಳೆ ಹೋಗುತ್ತದೆ ಅಂದರು. ಆಗ ನಮಗೆ ತುಂಬಾ ಬೇಜಾರಾಯಿತು. ಈಗ ಅನಿಸುತ್ತದೆ, ಆ ಷರತ್ತು ನಮ್ಮ ಕೆಲಸವನ್ನು ಕಾಪಾಡಿತು. ಖಿನ್ನತೆ ಅಂದ ಕೂಡಲೇ ಎಲ್ಲರೂ ಕಪ್ಪು ಬಳಿಯುತ್ತಾರೆ, ನಾವೂ ಅದನ್ನೇ ಮಾಡಲು ಹೊರಟಿದ್ದೆವು.

ಚಂದ್ರಂಕಿ ಆರಿಸಿ ಕೊಡುತ್ತಾ ತಾತ ಇನ್ನೊಂದು ಮಾತು ಹೇಳಿದರು. ಹಣ್ಣಾದ ಹುಳು ಸೊಪ್ಪು ಬಿಟ್ಟು ತಲೆ ಎತ್ತಿ ಆಚೆ ಈಚೆ ಆಡಿಸುತ್ತದೆ, ಅದನ್ನು ನೋಡಿ ಎತ್ತಿ ಹಾಕಲು ಮನೆಮಂದಿ ರಾತ್ರಿಯೆಲ್ಲ ಎದ್ದಿರುತ್ತಾರೆ. "ಊಟ ಬಿಟ್ಟಿದ್ದು ಕಾಣ್ಲಿಲ್ಲ ಅಂದ್ರೆ ಅವನು ಹುಳ ಸಾಕೋನೇ ಅಲ್ಲ" ಅಂದರು. ನಾವು ಯಾರೂ ಮಾತಾಡಲಿಲ್ಲ. ಹೋದ ವರ್ಷ ನನ್ನ ರೂಮ್‌ಮೇಟ್ ಹಾಸ್ಟೆಲ್ ಮೆಸ್‌ಗೆ ಬರುವುದನ್ನೇ ನಿಲ್ಲಿಸಿದ್ದಳು. ಡಯಟ್ ಅಂದುಕೊಂಡೆ. ಪಕ್ಕದ ಮಂಚದಲ್ಲೇ ಇದ್ದವಳು ನಾನು.

ಹದಿನಾಲ್ಕು ಚಂದ್ರಂಕಿ ತಂದು, ಸೆಣಬಿನ ದಾರದಲ್ಲಿ ಬಿಗಿದು, ಸುರುಳಿ ಆಕಾರದಲ್ಲೇ ನಿಲ್ಲಿಸಿದೆವು. ಒಳಗೆ ಒಬ್ಬೊಬ್ಬರೇ ಹೋಗಬೇಕು. ಚಿಟ್ಟೆ ಹೊರಬಂದ ತೂತು ಗೂಡುಗಳನ್ನೂ ತಾತನೇ ಗುರುತಿನವರಿಂದ ಕೊಡಿಸಿದರು. ತೂತು ಬಿದ್ದರೆ ನೂಲು ಬಿಚ್ಚಲು ಆಗುವುದಿಲ್ಲ, ಹಾಗಾಗಿ ಕಡಿಮೆ ಬೆಲೆ, ಅರ್ಧ ಕೆಜಿಗೆ ಒಂದು ಬಕೆಟ್ ತುಂಬಾ ಬಂತು. ಹೇಳಲಾಗದ್ದನ್ನು ಚೀಟಿಯಲ್ಲಿ ಬರೆದು, ಬೀಡಿಗಿಂತ ಸಣ್ಣಗೆ ಸುತ್ತಿ ಗೂಡಿನೊಳಗೆ ತೂರಿಸಿ ಅಲ್ಲೇ ಸಿಕ್ಕಿಸಿ ಬರಬಹುದು. ಚೀಟಿ ಯಾರೂ ಓದುವುದಿಲ್ಲ ಅಂತ ಬಾಗಿಲಲ್ಲೇ ಬರೆದಿದ್ದೆವು. ಹಾಗಾದರೆ ಯಾರಾದರೂ ನಿಜವಾಗಿ ಅಪಾಯದಲ್ಲಿದ್ದರೆ? ಇದಕ್ಕೆ ಎರಡು ದಿನ ಜಗಳವಾಡಿದೆವು. ಕೊನೆಗೆ ಹೊರಬರುವ ಕಡೆ ಒಬ್ಬ ಆಪ್ತ ಸಮಾಲೋಚಕರನ್ನು ಕೂರಿಸಿ, ಟೆಲಿ ಮನಸ್ ನಂಬರ್ 14416 ದೊಡ್ಡದಾಗಿ ಬರೆದೆವು. 2022ರಲ್ಲಿ ಶುರುವಾದ ಸರ್ಕಾರದ ಉಚಿತ ಸಹಾಯವಾಣಿ ಅದು. ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಅಂಗಡಿಯ ಕೊರತೆ ಅಂದರೆ, ಎರಡು ಚಂದ್ರಂಕಿಯ ಪಟ್ಟಿ ಸಡಿಲವಾಗಿತ್ತು, ಹಳೇ ಹುಳುವಿನ ವಾಸನೆ ಜಾಸ್ತಿ. ಬ್ಲೀಚಿಂಗ್ ಪುಡಿ ನೀರಲ್ಲಿ ತೊಳೆದು ಬಿಸಿಲಿಗೆ ಇಟ್ಟ ಮೇಲೆ ಕಮ್ಮಿಯಾಯಿತು. ಬಾಡಿಗೆ ಒಂದಕ್ಕೆ ದಿನಕ್ಕೆ 10 ರೂಪಾಯಿ. ಟಾಟಾ ಏಸ್ ಬಾಡಿಗೆಯೇ ಅದಕ್ಕಿಂತ ಹೆಚ್ಚಾಯಿತು.

ವಾಪಸ್ ಕೊಡುವಾಗ ತಾತ ಒಂದೊಂದನ್ನೂ ಮೂಸಿ, ತಟ್ಟಿ ನೋಡಿದರು. ಒಂದರ ಸಂದಿಯಲ್ಲಿ ಗೂಡೊಂದು ಉಳಿದಿತ್ತು, ಒಳಗೆ ಚೀಟಿ. ಬಿಚ್ಚಲಿಲ್ಲ. ನನ್ನ ಕೈಗಿಟ್ಟು "ಯಾರದೋ ಏನೋ, ಹುಷಾರಾಗಿ ಇಟ್ಕೊಳ್ಳಮ್ಮ" ಅಂದರು. ಅಡ್ವಾನ್ಸ್ ಪೂರ್ತಿ ವಾಪಸ್ ಕೊಟ್ಟರು.

ಹೋಗುವವರು ಬೆಳಗ್ಗೆಯೇ ಹೋಗಿ, ಮಧ್ಯಾಹ್ನದ ಮೇಲೆ ತಾತ ಸಿಗುವುದಿಲ್ಲ.