ಐವರ್ ಗರ್ನಿ: ಮೊದಲು ಹಾಡೋ, ಕವಿತೆಯೋ?

ಇಂಗ್ಲೆಂಡಿನ ಗ್ಲಾಸ್ಟರ್‌ನಲ್ಲಿ 1890ರಲ್ಲಿ ಹುಟ್ಟಿದ ಐವರ್ ಗರ್ನಿ ಹಾಡುಗಳಿಗೆ ರಾಗ ಹಾಕಿದ, ಕವಿತೆಗಳನ್ನೂ ಬರೆದ. ಎಲ್ಲಿಂದ ಶುರು ಮಾಡೋಣ?

ಇಂಗ್ಲಿಷ್ ಓದಿ ಜಾಸ್ತಿ ಅಭ್ಯಾಸ ಇಲ್ಲದಿದ್ದರೆ ಹಾಡೇ ಸುಲಭ. 'ಸ್ಲೀಪ್' ಕೇಳಿ. ಮೂರು ನಿಮಿಷದ ಆಸುಪಾಸು, ಅಷ್ಟೇ. ಪಿಯಾನೋ ತೊಟ್ಟಿಲು ತೂಗಿದ ಹಾಗೆ ಸಾಗುತ್ತದೆ, ಆದರೆ ಹಾಡುವವನಿಗೆ ನಿದ್ದೆಯೇ ಬರುತ್ತಿಲ್ಲ! ಮಾತು ಗರ್ನಿಯದಲ್ಲ, ಶೇಕ್ಸ್‌ಪಿಯರ್ ಕಾಲದ ನಾಟಕಕಾರ ಜಾನ್ ಫ್ಲೆಚರ್‌ದು. ತಾನೇ ಕವಿಯಾಗಿದ್ದರೂ ಹೆಚ್ಚಾಗಿ ಬೇರೆಯವರ ಕವಿತೆಗಳಿಗೇ ರಾಗ ಹಾಕಿದ. ವಿಚಿತ್ರ ಅಲ್ವಾ?

ಕವಿತೆ ಒರಟು. ಮೊದಲ ಮಹಾಯುದ್ಧದಲ್ಲಿ ಅವನು ಸಾಮಾನ್ಯ ಸಿಪಾಯಿ. 1917ರ ಮೊದಲ ಸಂಕಲನದ ಹೆಸರಲ್ಲೇ ಎರಡು ನದಿ: ಊರಿನ ಸೆವರ್ನ್, ಯುದ್ಧಭೂಮಿಯ ಸೋಮ್. 1919ರ ಎರಡನೇ ಸಂಕಲನದ 'ಟು ಹಿಸ್ ಲವ್' ಸತ್ತ ಗೆಳೆಯನ ಬಗ್ಗೆ. ದೋಣಿ, ಹೊಳೆ, ನೇರಳೆ ಹೂ ಅಂತ ಮೆತ್ತಗೆ ಹೋಗಿ, ಕೊನೆಯಲ್ಲಿ ಕೆಂಪಗೆ ಒದ್ದೆಯಾದ ದೇಹವನ್ನು ಬೇಗ ಮುಚ್ಚಿ ಅನ್ನುತ್ತದೆ. ನನಗೆ ಹಾಡಿಗಿಂತ ಇದೇ ಹೆಚ್ಚು ಕಾಡಿದ್ದು.

1922ರಿಂದ ಸಾಯುವವರೆಗೆ, ಅಂದರೆ 1937ರವರೆಗೆ, ಅವನು ಮಾನಸಿಕ ಆಸ್ಪತ್ರೆಗಳಲ್ಲೇ ಇದ್ದ. ಅಲ್ಲೂ ಬರೆಯುತ್ತಲೇ ಇದ್ದ. ಆ ಕವಿತೆಗಳನ್ನು ಮಾತ್ರ ಮೊದಲಿಗೇ ಹಿಡಿಯಬೇಡಿ. 'ಸ್ಲೀಪ್' ಹಿಡಿಸಿದರೆ ಆ ನದಿಗಳ ಸಂಕಲನಕ್ಕೆ ಬನ್ನಿ, ಆಮೇಲೆ ಅವು.