ಯುದ್ಧದಾಟದ ಮೇಜಿಗೆ ಗುಡ್ಡ: ಫೋಮ್, ಬಟ್ಟೆ, ಪ್ಲಾಸ್ಟರ್

ಪುಟ್ಟ ಸೈನಿಕ ಗೊಂಬೆಗಳನ್ನು ಮೇಜಿನ ಮೇಲೆ ನಡೆಸುವ ಯುದ್ಧದಾಟದಲ್ಲಿ ಗುಡ್ಡ ಎಷ್ಟೇ ಚೆನ್ನಾಗಿ ಕಾಣಲಿ, ಅದರ ಮೇಲೆ ಗೊಂಬೆ ನಿಲ್ಲದಿದ್ದರೆ ಆಟಕ್ಕೆ ದಂಡ. ಮೂರೂ ಬಗೆಯನ್ನು ಅಳೆಯಲು ಬಾವುಟ ಹಿಡಿದ ಒಂದು ಲೋಹದ ಮಿನಿಯೇಚರ್ ಸಾಕು. 25 ಮಿ.ಮೀ. ಬೇಸ್ (ಕಾಲಡಿಯ ಬಿಲ್ಲೆ) ಮೇಲೆ ನಿಂತ ಇಂಥ ಗೊಂಬೆಗೆ ತಲೆಭಾರ ಹೆಚ್ಚು. ಇಳಿಜಾರು ತುಸು ಕಡಿದಾದರೂ ಮೊದಲು ಉರುಳುವುದು ಅದೇ.

ಈ ಪರೀಕ್ಷೆಯಲ್ಲಿ ಎಕ್ಸ್‌ಪಿಎಸ್ (ಒತ್ತಾದ, ಗಟ್ಟಿ ಪಾಲಿಸ್ಟೈರೀನ್) ಫೋಮ್‌ನ ಮೆಟ್ಟಿಲು ಗುಡ್ಡಕ್ಕೆ ಎದುರಾಳಿಯೇ ಇಲ್ಲ. 25 ಮಿ.ಮೀ. ದಪ್ಪದ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಪ್ರತಿ ಮೆಟ್ಟಿಲಿಗೂ ಕನಿಷ್ಠ 5 ಸೆಂ.ಮೀ. ಅಗಲ ಬಿಟ್ಟರೆ ಒಂದು ಸಾಲು ಗೊಂಬೆಗಳು ಆರಾಮಾಗಿ ನಿಲ್ಲುತ್ತವೆ. ಅಂಚನ್ನು ಓರೆಯಾಗಿ ಕತ್ತರಿಸಿ. ಬ್ಲೇಡ್ ಹೊಸದಿರಲಿ: ಮೊಂಡಾದ ಬ್ಲೇಡ್ ಫೋಮನ್ನು ಕತ್ತರಿಸದೆ ಹರಿಯುತ್ತದೆ. ಬಿಸಿ ತಂತಿಯಾದರೆ ಅಂಚು ನುಣುಪಾಗಿ ಬರುತ್ತದೆ, ಆದರೆ ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದಿರಲಿ.

ಹೆಚ್ಚಿನವರ ಕೆಲಸ ಕೆಡುವುದು ಅಂಟು ಮತ್ತು ಬಣ್ಣದಲ್ಲಿ. ಎರಡು ದೊಡ್ಡ ಹಾಳೆಗಳ ನಡುವೆ ಬಿಳಿ ಅಂಟು ಬಳಿದರೆ ಗಾಳಿಯಾಡದೆ ನಡುಭಾಗ ದಿನಗಟ್ಟಲೆ ಹಸಿಯಾಗಿಯೇ ಉಳಿಯುತ್ತದೆ. ತೆಳ್ಳಗೆ ಬಳಿದು, ಹಲ್ಲುಕಡ್ಡಿಗಳನ್ನು ಚುಚ್ಚಿ ಹಿಡಿಸಿ, ಮೇಲೆ ಭಾರ ಇಡಿ. ಸಾಲ್ವೆಂಟ್ (ದ್ರಾವಕ) ಇರುವ ಅಂಟು ಫೋಮನ್ನೇ ತಿಂದುಹಾಕುತ್ತದೆ. ಸ್ಪ್ರೇ ಬಣ್ಣವೂ ಅಷ್ಟೇ: ಬರಿ ಫೋಮ್ ಮೇಲೆ ಹೊಡೆದರೆ ಕ್ಷಣದಲ್ಲಿ ಗುಳಿ ಬೀಳುತ್ತದೆ. ಅದಕ್ಕೇ ಕಪ್ಪು ಅಕ್ರಿಲಿಕ್ ಬಣ್ಣಕ್ಕೆ ಅಷ್ಟೇ ಬಿಳಿ ಅಂಟು ಬೆರೆಸಿ ಎರಡು ಕೋಟ್ ಬ್ರಷ್‌ನಲ್ಲೇ ಕೊಡಬೇಕು. ಮೂಲೆ, ಸಂದು ಒಂದೂ ಬಿಡಬಾರದು. ಗುಡ್ಡದ ತಳಕ್ಕೆ 3 ಮಿ.ಮೀ. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಹಾಕುವವರು ಅದರ ಎರಡೂ ಮುಖಕ್ಕೆ ಬಣ್ಣ ಬಳಿಯಲಿ. ಒಂದೇ ಕಡೆ ನೀರು ಹೀರಿದರೆ ಹಲಗೆ ಬಾಗುತ್ತದೆ.

ಥರ್ಮಾಕೋಲ್ ಎಕ್ಸ್‌ಪಿಎಸ್‌ನ ಬಡ ತಮ್ಮ. ಕತ್ತರಿಸಿದಲ್ಲೆಲ್ಲ ಮಣಿ ಉದುರುತ್ತದೆ, ಅಂಚು ಬೇಗ ಮುರಿಯುತ್ತದೆ. ಒಳಗೆ ತುಂಬಲು ಸರಿ, ಮೇಲ್ಮೈಗೆ ಬೇಡ.

ಬಟ್ಟೆಯದು ಬೇರೆಯೇ ಗುಣ. ಮೇಜಿನ ಹಾಸಿನ ಕೆಳಗೆ ದಿಂಡು ಇಟ್ಟರೆ ಐದು ನಿಮಿಷದಲ್ಲಿ ಇಡೀ ಬಯಲು ಏರಿಳಿತವಾಗುತ್ತದೆ. ನೈಜವಾಗಿ ಕಾಣುವುದರಲ್ಲಿ ಇದೇ ಮೇಲು. ಫ್ಲೀಸ್ (ಉಣ್ಣೆಯಂಥ ಮೆತ್ತನೆಯ ಬಟ್ಟೆ) ಚೆನ್ನಾಗಿ ಇಳಿಬೀಳುತ್ತದೆ. ರಬ್ಬರಿನ ದಪ್ಪ ಹಾಸು ಗುಡ್ಡದ ಬುಡದಲ್ಲಿ ಡೇರೆಯ ಹಾಗೆ ಎದ್ದು ನಿಲ್ಲುತ್ತದೆ, ಅಲ್ಲಿಟ್ಟ ಗೊಂಬೆ ಒಳಕ್ಕೆ ಕುಸಿಯುತ್ತದೆ. ಪುಸ್ತಕ ಇಟ್ಟರೂ ಇದೇ ಪಾಡು. ಇನ್ನೊಂದು ತಕರಾರು, ಗುಡ್ಡ ಎಲ್ಲಿ ಶುರು ಎಂಬುದು ಕಣ್ಣಿಗೆ ತಿಳಿಯದು. ಆಟಕ್ಕೆ ಮುಂಚೆಯೇ ಇಬ್ಬರೂ ಗೆರೆ ಒಪ್ಪಿಕೊಳ್ಳದಿದ್ದರೆ ಗುಂಡು ಹಾರುವ ಹೊತ್ತಿಗೆ ಜಗಳ ಖಂಡಿತ.

ಪ್ಲಾಸ್ಟರ್ ಬ್ಯಾಂಡೇಜ್ ಬಂಡೆ, ಕಮರಿಗಳಿಗೆ ಸೊಗಸು. ರಟ್ಟಿನ ಚೌಕಟ್ಟಿಗೆ ಸುಕ್ಕುಮಾಡಿದ ಕಾಗದ ತುಂಬಿ, ನೀರಲ್ಲಿ ಅದ್ದಿದ ಪಟ್ಟಿಗಳನ್ನು ಮೂರು ಪದರ ಹೊದಿಸಿ ಒಂದು ದಿನ ಒಣಗಿಸಿದರೆ ಗಟ್ಟಿ ಚಿಪ್ಪು ಸಿಗುತ್ತದೆ. ಆದರೆ ಭಾರ ಹೆಚ್ಚು. ಸಾಗಿಸುವಾಗ ಅಂಚು ಒಡೆದು ಬಿಳಿ ಕಲೆ ಇಣುಕುತ್ತದೆ. ಸದಾ ಒಂದೇ ಕಡೆ ಇರುವ ಮೇಜಿಗಷ್ಟೇ ಇದು.

ಮೇಜನ್ನು ಪ್ರತಿ ಸಲ ಬಿಚ್ಚಿ ಜೋಡಿಸುವವರಿಗೆ ನಮ್ಮ ಮತ ಬೆರಕೆಗೆ: ಫ್ಲೀಸ್ ಕೆಳಗೆ ಅಂಚು ಉಜ್ಜಿದ ಎಕ್ಸ್‌ಪಿಎಸ್ ಹಾಳೆಗಳು, 3 ಸೆಂ.ಮೀ. ಅಡ್ಡಕ್ಕೆ 1 ಸೆಂ.ಮೀ. ಏರು. ಬಟ್ಟೆಯನ್ನು ಬುಡದ ಸುತ್ತ ಗುಂಡುಸೂಜಿಯಿಂದ ಫೋಮ್‌ಗೇ ಚುಚ್ಚಿಬಿಟ್ಟರೆ ಡೇರೆಯೂ ಏಳದು, ಗುಡ್ಡದ ಗೆರೆಯೂ ಕಾಣುತ್ತದೆ.